ಮಿಶ್ರತಳಿ ಕಡಸುಗಳು ಪ್ರಾಯಕ್ಕೆ ಬರುವುದು ಮತ್ತು ಗರ್ಭಧಾರಣೆಗೆ ಸೂಕ್ತ ಕಾಲ

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ನದಿಗಳಿಲ್ಲ. ಮಳೆ ಮತ್ತು ಕೊಳವೆ ಬಾವಿಗಳನ್ನು ಅವಲಂಬಿಸಿರುವ ಇಲ್ಲಿನ ಅನೇಕ ರೈತ ಕುಟುಂಬಗಳಿಗೆ ಹೈನುಗಾರಿಕೆಯು ನಿಯಮಿತ ಆದಾಯದ ಮೂಲವಾಗಿದೆ. ಮನೆಯಲ್ಲಿ ಹುಟ್ಟಿದ ಹೆಣ್ಣು ಕರು ಸಕಾಲದಲ್ಲಿ ಹಸುವಾಗುವುದು ಈ ಆದಾಯದ ದೃಷ್ಟಿಯಿಂದ ಅತಿ ಮುಖ್ಯವಾಗಿರುತ್ತದೆ.

ಪ್ರಾಯಕ್ಕೆ ಬರುವುದು ಎಂದರೇನು?

ಕಡಸು ಮೊದಲ ಬಾರಿಗೆ ಬೆದೆಗೆ ಬರುವುದನ್ನು ಪ್ರಾಯಕ್ಕೆ ಬರುವುದು ಎನ್ನಲಾಗುತ್ತದೆ. ಇದನ್ನು ವಯಸ್ಸಿಗಿಂತ ಹೆಚ್ಚಾಗಿ ದೇಹದ ತೂಕವು ನಿರ್ಧರಿಸುತ್ತದೆ. ಉತ್ತಮ ಪೋಷಣೆಯಿದ್ದಲ್ಲಿ ಮಿಶ್ರತಳಿ ಕಡಸುಗಳು ಸಾಮಾನ್ಯವಾಗಿ 12 ರಿಂದ 15 ತಿಂಗಳಿಗೆ ಪ್ರಾಯಕ್ಕೆ ಬರುತ್ತವೆ. ಹಸಿರು ಮೇವು ದೊರೆಯದೆ ರಾಗಿ ಹುಲ್ಲನ್ನು ಮಾತ್ರ ತಿಂದು ಬೆಳೆದ ಕಡಸುಗಳಲ್ಲಿ ಇದು ಬಹಳ ವಿಳಂಬವಾಗುತ್ತದೆ.

ಮೊದಲ ಬೆದೆಯಲ್ಲಿಯೇ ಗರ್ಭ ಕಟ್ಟಿಸಬಹುದೇ?

ಕೂಡದು. ಆ ವೇಳೆಗೆ ಸೊಂಟದ ಮೂಳೆಗಳು ಪೂರ್ಣವಾಗಿ ಬೆಳೆದಿರುವುದಿಲ್ಲವಾದ್ದರಿಂದ ಕರು ಹಾಕುವಾಗ ತೊಂದರೆಯಾಗುತ್ತದೆ. ಹೆಚ್.ಎಫ್. ಮಿಶ್ರತಳಿ ಕಡಸು 15 ರಿಂದ 18 ತಿಂಗಳ ವಯಸ್ಸಿನಲ್ಲಿ ಸುಮಾರು 250 ಕಿ.ಗ್ರಾಂ. ತೂಕ ತಲುಪಿದ ನಂತರ ಕೃತಕ ಗರ್ಭಧಾರಣೆ ಮಾಡಿಸುವುದು ಸೂಕ್ತ.

ತೂಕವನ್ನು ಅಂದಾಜಿಸುವ ವಿಧಾನ

ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ತುದಿಯಿಂದ ಬಾಲದ ಬುಡದ ಪಕ್ಕದ ಮೂಳೆಯವರೆಗಿನ ಉದ್ದವನ್ನೂ ಅಂಗುಲಗಳಲ್ಲಿ ಅಳೆಯಬೇಕು. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660 ರಿಂದ ಭಾಗಿಸಿದರೆ ಕಿ.ಗ್ರಾಂ. ತೂಕ ದೊರೆಯುತ್ತದೆ. ಉದಾಹರಣೆಗೆ, ಸುತ್ತಳತೆ 58 ಮತ್ತು ಉದ್ದ 50 ಅಂಗುಲವಿದ್ದಲ್ಲಿ ತೂಕವು ಸುಮಾರು 255 ಕಿ.ಗ್ರಾಂ.

ಬೆದೆಯ ಲಕ್ಷಣಗಳು

ಕಡಸು ಪದೇ ಪದೇ ಕೂಗುವುದು, ಇತರ ರಾಸುಗಳು ಮೇಲೆ ಹಾರಿದಾಗ ನಿಂತು ಸಹಕರಿಸುವುದು ಹಾಗೂ ಯೋನಿಯಿಂದ ಗಾಜಿನಂತಹ ಲೋಳೆ ಸುರಿಯುವುದು ಮುಖ್ಯ ಲಕ್ಷಣಗಳು. ಬೆದೆಯು ಸುಮಾರು 12 ರಿಂದ 18 ಗಂಟೆಗಳಿದ್ದು, 21 ದಿನಗಳಿಗೊಮ್ಮೆ ಮರುಕಳಿಸುತ್ತದೆ. ಬೆಳಿಗ್ಗೆ ಬೆದೆ ಕಂಡುಬಂದಲ್ಲಿ ಅಂದು ಸಂಜೆ, ಸಂಜೆ ಕಂಡುಬಂದಲ್ಲಿ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸತಕ್ಕದ್ದು.

ವಿಳಂಬದಿಂದಾಗುವ ನಷ್ಟ

ಗರ್ಭಾವಧಿಯು ಸುಮಾರು 280 ದಿನಗಳು. 18ನೇ ತಿಂಗಳಿನಲ್ಲಿ ಗರ್ಭ ಕಟ್ಟಿದ ಕಡಸು 28ನೇ ತಿಂಗಳಿಗೆ ಹಾಲು ನೀಡತೊಡಗುತ್ತದೆ. 30ನೇ ತಿಂಗಳಿನಲ್ಲಿ ಕಟ್ಟಿದ್ದು 40ನೇ ತಿಂಗಳಿಗೆ. ಈ ಒಂದು ವರ್ಷದ ಮೇವು ಮತ್ತು ದುಡಿಮೆಗೆ ಪ್ರತಿಯಾಗಿ ಒಂದು ಲೀಟರ್ ಹಾಲೂ ದೊರೆಯುವುದಿಲ್ಲ.

ಆದ್ದರಿಂದ ಕರುವಿನ ಹಂತದಿಂದಲೇ ಜಂತುನಾಶಕ ಔಷಧಿ, ಖನಿಜ ಮಿಶ್ರಣ ಹಾಗೂ ಹಸಿರು ಮೇವನ್ನು ಒದಗಿಸಬೇಕು. ಗಂಡು ಕರುವಿನೊಂದಿಗೆ ಅವಳಿಯಾಗಿ ಹುಟ್ಟಿದ ಹೆಣ್ಣು ಕರು ಬಹುತೇಕ ಬಂಜೆಯಾಗಿರುವುದರಿಂದ ಅದನ್ನು ಮೊದಲೇ ಪರೀಕ್ಷಿಸಿಕೊಳ್ಳಬೇಕು. ಎರಡು ವರ್ಷ ತುಂಬಿದರೂ ಬೆದೆಗೆ ಬಾರದ ಮಿಶ್ರತಳಿ ಕಡಸನ್ನು ರೈತ ಬಾಂಧವರು ತಡಮಾಡದೆ ಸಮೀಪದ ಪಶುವೈದ್ಯರಿಂದ ತಪಾಸಣೆ ಮಾಡಿಸುವುದು ಅಗತ್ಯ.