ಲಂಟಾನದ ಆನೆಗಳು

2024ರ ಫೆಬ್ರುವರಿಯಲ್ಲಿ ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಆನೆಗಳ ಹಿಂಡೇ ಬೀಡುಬಿಟ್ಟಿತ್ತು. ನಿಜವಾದ ಆನೆಗಳಷ್ಟೇ ಎತ್ತರದ ಅವುಗಳ ಮೈಯೆಲ್ಲ ಲಂಟಾನವೆಂಬ ಕಳೆಗಿಡದ ಕಡ್ಡಿ. ನೀಲಗಿರಿಯ ಗೂಡಲೂರು ಸುತ್ತಿನ ಬೆಟ್ಟಕುರುಂಬ, ಪಣಿಯ ಮೊದಲಾದ ಬುಡಕಟ್ಟಿನವರು ಅವನ್ನು ಮಾಡಿದವರು. ಕಾಡಿನಲ್ಲಿ ಕಂಡು ಬಲ್ಲ ಆನೆಗಳೇ ಅವರಿಗೆ ಮಾದರಿ.

ಕಡಿದ ಕಡ್ಡಿಯನ್ನು ನೀರಿನಲ್ಲಿ ಕುದಿಸಿ, ಮೆತ್ತಗಾದ ಮೇಲೆ ಸಿಪ್ಪೆ ಸುಲಿಯುತ್ತಾರೆ. ಆಮೇಲೆ ಕಬ್ಬಿಣದ ಸರಳಿನ ಚೌಕಟ್ಟಿನ ಮೇಲೆ ಬಾಗಿಸಿ, ಒತ್ತೊತ್ತಾಗಿ ಮೊಳೆ ಹೊಡೆಯುತ್ತಾರೆ. ಹತ್ತಿರ ಹೋದರೆ ಕಡ್ಡಿಯ ಗೆಣ್ಣುಗಳೇ ಆನೆಯ ಚರ್ಮದ ಸುಕ್ಕಿನಂತೆ ಕಾಣುತ್ತವೆ. ಬಣ್ಣ ಬಳಿದಿದ್ದರೆ ಈ ಸೊಗಸು ಬರುತ್ತಿರಲಿಲ್ಲ.

ಲಂಟಾನ ಅಮೆರಿಕ ಖಂಡದ ಗಿಡ. ಬ್ರಿಟಿಷರು ಹೂವಿನ ಅಂದಕ್ಕೆಂದು ತಂದದ್ದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳಲ್ಲಿ ಹುಲ್ಲು ಬೆಳೆಯದಂತೆ ಹಬ್ಬಿಕೊಂಡಿತು. ಆನೆಯ ಮೇವು ಕಸಿದ ಕಳೆಯೇ ಈಗ ಆನೆಯಾಗಿರುವುದು ತಮಾಷೆಯಾಗಿದೆ. ಈ ಕಳೆಯನ್ನು ಬಳಕೆಗೆ ತಂದದ್ದು ಇದೇ ಮೊದಲಲ್ಲ: ಪರಿಸರ ಸಂಶೋಧನೆಯ ಏಟ್ರೀ ಸಂಸ್ಥೆ ಮಲೆಮಹದೇಶ್ವರ ಬೆಟ್ಟದ ಸೋಲಿಗರಿಗೆ ಲಂಟಾನದ ಪೀಠೋಪಕರಣ ಮಾಡಲು ಕಲಿಸಿದ್ದು ಈ ಆನೆಗಳಿಗೂ ಬಹಳ ಮೊದಲೇ.

ಲಂಡನ್ನಿನ ಉದ್ಯಾನಗಳಲ್ಲಿ 2021ರಲ್ಲೇ ಇಂಥ ಆನೆಗಳು ನಿಂತಿದ್ದವು. 2024ರ ಜುಲೈನಿಂದ ನೂರು ಆನೆಗಳು ಅಮೆರಿಕವನ್ನೂ ಸುತ್ತಿದವು. ಈ ಆನೆಗಳನ್ನು ಮಾರಿ ಬಂದ ಹಣ ಮನುಷ್ಯರೂ ವನ್ಯಜೀವಿಗಳೂ ಜೊತೆಯಾಗಿ ಬಾಳಲು ನೆರವಾಗುವ ಕೆಲಸಗಳಿಗೆ ಹೋಗುತ್ತದೆ.