ಹೆಸರೊಂದು, ಹಣ್ಣೆರಡು

ದಕ್ಷಿಣಕ್ಕೆ ಯಾತ್ರೆ ಹೊರಡುವ ವಾಚಕರೇ, ಬಾಳೆಹಣ್ಣನ್ನು ಬರಿಯ ಹೆಸರು ನಂಬಿ ಕೊಳ್ಳಬೇಡಿರಿ. ಮಧುರೆಯಲ್ಲಿ 'ಪೂವನ್' ಎಂದರೆ ತುದಿ ಚೂಪಾದ, ತುಸು ಹುಳಿ ಬೆರೆತ ಹಣ್ಣು. ಕೇರಳದಲ್ಲಿ ಅದೇ ಪಾಳಯಂಕೋಡನ್. ಅಲ್ಲಿಯ 'ಪೂವನ್' ಬೇರೆ: ತೆಳುಸಿಪ್ಪೆಯದು, ನಮ್ಮ ರಸಬಾಳೆಯ ಬಳಗದ್ದು. ಸಣ್ಣ ಞಾಲಿಪೂವನ್ ನಮ್ಮ ಏಲಕ್ಕಿಬಾಳೆ, ಮುಂಬಯಿಯವರ ವೇಲ್ಚಿ. ಉದ್ದನೆಯ, ಏಣುಳ್ಳ ನೇಂದ್ರವನ್ನು ಬೇಯಿಸಿಯೂ ತಿನ್ನುವರು.

ನಂಜನಗೂಡು ಕಡೆಯ ನಮ್ಮ ತಾಯಿ ಬಹುಕಾಲದಿಂದ ರಸಬಾಳೆಗೆ ಹಂಬಲಿಸುತ್ತಿದ್ದರು. ಸೊರಗು ರೋಗಕ್ಕೆ ತುತ್ತಾಗಿ ಅದು ತನ್ನ ಊರಿನಲ್ಲೇ ಅಪರೂಪವಾಗಿದೆ. ತ್ರಿಶೂರಿನ ಅಂಗಡಿಯೊಂದರಲ್ಲಿ ಪೂವನ್ ಸುಲಿದು ಕೊಟ್ಟೆ. ಒಂದು ತುತ್ತು ತಿಂದು, "ರಸಬಾಳೆಯಲ್ಲಪ್ಪಾ, ಆದರೆ ಅದರ ತಂಗಿ" ಎಂದು ಕಣ್ಣೊರೆಸಿಕೊಂಡರು.

ಹೆಸರು ಕೇಳಿರಿ, ಆದರೆ ಒಂದನ್ನು ಸುಲಿದು ರುಚಿ ನೋಡಿಯೇ ಚಿಪ್ಪು ಕೊಳ್ಳಿರಿ.