ಪಿಸ್ತೂಲು ಬೇಕೆಂದವರು ಏಕೆ ಬೇಡವೆಂದರು?



ಹಾಸನ ತಾಲ್ಲೂಕಿನ ದೊಡ್ಡಗದ್ದವಳ್ಳಿಗೆ ಲಕ್ಷ್ಮೀದೇವಿ ದೇವಾಲಯದ ಚಿತ್ರೀಕರಣಕ್ಕೆಂದು ನಮ್ಮ ತಂಡ ಹೋಗಿತ್ತು. ಹೊಯ್ಸಳರ ಕಾಲದ, ನಾಲ್ಕು ಗರ್ಭಗುಡಿಗಳ ಆ ದೇವಾಲಯ ಕೆರೆಯ ಪಕ್ಕದಲ್ಲಿದೆ. ವ್ಯಾನಿನಿಂದ ಕ್ಯಾಮರಾ ಇಳಿಸುತ್ತಿದ್ದಾಗ, 'ಶೂಟಿಂಗ್‌ನವರು ಬಂದಿದ್ದಾರೆ' ಎಂಬ ಸುದ್ದಿ ಕೇಳಿ ಹುಡುಗರು ಸೇರಿದರು. "ಗನ್ ಎಲ್ಲಿ ಸಾರ್?" ಎಂದು ಚಿಕ್ಕವನೊಬ್ಬ ಕೇಳಿದ. ಎಲ್ಲರೂ ನಕ್ಕರು.

ನಗದೇ ನಿಂತಿದ್ದವನು ಪಿ.ಯು.ಸಿ. ಓದುವ ಒಬ್ಬ ಹುಡುಗ. "ನಮ್ಮ ಮಾವ ಪಿಸ್ತೂಲು ತಗೋಬೇಕು ಅಂತ ಒಂದು ವರ್ಷ ಓಡಾಡಿದ್ರು ಸಾರ್. ಆಮೇಲೆ ಬೇಡ ಅಂತ ಬಿಟ್ಟುಬಿಟ್ರು. ಯಾಕೆ ಅಂದ್ರೆ ಹೇಳಲ್ಲ" ಎಂದ. ಮಾವನ ಕಾಫಿ ತೋಟ ಆಲೂರಿನ ಕಡೆ ಇದೆ. ಅಲ್ಲಿ ಆನೆ, ಹಂದಿಗಳ ಕಾಟ. ಮನೆಯಲ್ಲಿ ಹಳೆಯ ಕೋವಿ ಒಂದಿದ್ದರೂ ಜೇಬಿನಲ್ಲಿ ಹಿಡಿಯುವಂಥದ್ದೊಂದು ಇರಲಿ ಎಂಬುದು ಅವರ ಆಸೆಯಾಗಿತ್ತು.

ಮಾವ ಹೇಳದ ಕಾರಣವನ್ನು ನಾವೇ ಹುಡುಕೋಣ ಬನ್ನಿ. ಅದಕ್ಕೆ ನಿಮ್ಮ ಭೌತಶಾಸ್ತ್ರದ ಪಾಠ ಬೇಕು, ಜೊತೆಗೆ ಸ್ವಲ್ಪ ಕಾನೂನಿನ ತಿಳಿವಳಿಕೆ.

ಗಿಡ್ಡ ನಳಿಗೆಯ ತೊಂದರೆ

ಗುರಿ ಇಡುವುದೆಂದರೆ ಕಣ್ಣು, ಹಿಂದಿನ ಗುರಿಗಿಂಡಿ, ಮುಂದಿನ ಗುರಿಮೊಳೆ ಮತ್ತು ಗುರಿ ಇವು ನಾಲ್ಕೂ ಒಂದೇ ಸರಳರೇಖೆಯಲ್ಲಿ ಬರುವಂತೆ ನೋಡಿಕೊಳ್ಳುವುದು. ರಿವಾಲ್ವರ್‌ನಲ್ಲಿ ಹಿಂದಿನ ಗಿಂಡಿಗೂ ಮುಂದಿನ ಮೊಳೆಗೂ 15 ಸೆಂ.ಮೀ. ಅಂತರವಿದೆ ಎಂದುಕೊಳ್ಳಿ. ಕೈ ನಡುಗಿ ಮುಂದಿನ ಮೊಳೆ ಕೇವಲ 1 ಮಿ.ಮೀ. ಸರಿಯಿತು. 15 ಮೀಟರ್ ದೂರ ಎಂದರೆ ಆ ಅಂತರದ 100 ಪಟ್ಟು. ಆದ್ದರಿಂದ ಅಲ್ಲಿ ಗುಂಡು 100 ಮಿ.ಮೀ., ಅಂದರೆ 10 ಸೆಂ.ಮೀ. ಪಕ್ಕಕ್ಕೆ ಹೋಗುತ್ತದೆ. ಇದೇ ತಪ್ಪು 75 ಸೆಂ.ಮೀ. ಉದ್ದದ ಕೋವಿಯಲ್ಲಿ ಆದರೆ ಗುಂಡು ಸರಿಯುವುದು 2 ಸೆಂ.ಮೀ. ಮಾತ್ರ. ಸಮರೂಪ ತ್ರಿಭುಜಗಳ ಪ್ರಮೇಯ ಇಲ್ಲಿ ಕೆಲಸ ಮಾಡುತ್ತಿದೆ.

ಇದಲ್ಲದೆ ಕೋವಿಗೆ ಎರಡು ಕೈ, ಭುಜ ಮತ್ತು ಕೆನ್ನೆಯ ಆಸರೆಯಿದೆ. ಪಿಸ್ತೂಲಿಗೆ ಇರುವ ಆಸರೆ ಕೈಗಳದ್ದಷ್ಟೇ. ಕತ್ತಲಲ್ಲಿ, ಭಯದಲ್ಲಿ ಆ ಕೈ ಎಷ್ಟು ನಡುಗೀತು ಎಂಬುದನ್ನು ನೀವೇ ಊಹಿಸಿ.

ಹಗುರವಾದಷ್ಟೂ ಒಳ್ಳೆಯದೇ?

2014ರಲ್ಲಿ ಕಾನ್ಪುರದ ಸರಕಾರಿ ಶಸ್ತ್ರಾಸ್ತ್ರ ಕಾರ್ಖಾನೆಯಿಂದ 'ನಿರ್ಭೀಕ್' ಎಂಬ .32 ಬೋರಿನ ರಿವಾಲ್ವರ್ ಬಂತು. ಮಹಿಳೆಯರ ರಕ್ಷಣೆಗೆಂದು ಅದನ್ನು ಪ್ರಚಾರ ಮಾಡಲಾಯಿತು. ತೂಕ ಸುಮಾರು 500 ಗ್ರಾಂ. ಬೆಲೆ ಆಗ ಸುಮಾರು 1 ಲಕ್ಷ 22 ಸಾವಿರ ರೂಪಾಯಿ. ಅಷ್ಟು ಹಣ ಎಲ್ಲರ ಕೈಗೆ ಎಟುಕುವಂಥದ್ದಲ್ಲ. ಬೆಲೆಯನ್ನು ಬದಿಗಿಟ್ಟರೂ ನ್ಯೂಟನ್ನನ ಮೂರನೆಯ ನಿಯಮವನ್ನು ಬದಿಗಿಡಲಾಗದು.

ಸುಮಾರು 6 ಗ್ರಾಂ ತೂಕದ ಗುಂಡು ಸೆಕೆಂಡಿಗೆ 215 ಮೀಟರ್ ವೇಗದಲ್ಲಿ ಹೊರಟರೆ ಅದರ ಸಂವೇಗ ಸುಮಾರು 1.3 ಕಿ.ಗ್ರಾಂ. ಮೀಟರ್/ಸೆಕೆಂಡ್. ಅಷ್ಟೇ ಸಂವೇಗ ಹಿಂದಕ್ಕೂ ಬರಬೇಕು. 750 ಗ್ರಾಂ ತೂಕದ ರಿವಾಲ್ವರ್ ಸೆಕೆಂಡಿಗೆ ಸುಮಾರು 1.7 ಮೀಟರ್ ವೇಗದಲ್ಲಿ ಕೈಗೆ ಒದ್ದರೆ, 500 ಗ್ರಾಂ ತೂಕದ್ದು ಸುಮಾರು 2.6 ಮೀಟರ್ ವೇಗದಲ್ಲಿ ಒದೆಯುತ್ತದೆ. ಹೊರಲು ಹಗುರವಾದದ್ದು ಹಾರಿಸಲು ಕಷ್ಟ. ಇದನ್ನು ಹತೋಟಿಗೆ ತರಲು ನಿತ್ಯ ಅಭ್ಯಾಸ ಬೇಕು. ತೋಟದವರಿಗೆ ಅಭ್ಯಾಸಕ್ಕೆ ಜಾಗವೆಲ್ಲಿ, ಗುಂಡುಗಳೆಲ್ಲಿ?

ಆನೆಯ ಎದುರು

ಆ ಗುಂಡಿನ ಚಲನಶಕ್ತಿಯನ್ನು ನೀವೇ ಲೆಕ್ಕ ಮಾಡಿ. ಸುಮಾರು 140 ಜೂಲ್ ಬರುತ್ತದೆ. 12 ಬೋರ್ ಕೋವಿಯ ಒಂದು ತೋಟೆಯ ಶಕ್ತಿ ಸುಮಾರು 2,000 ಜೂಲ್. ಆನೆಯಾದರೋ ನಾಲ್ಕೈದು ಟನ್ ತೂಗುವ ಪ್ರಾಣಿ. ರಿವಾಲ್ವರ್ ಗುಂಡು ಅದನ್ನು ತಡೆಯುವುದಿಲ್ಲ; ಗಾಯ ಮಾಡಿ ಕೆರಳಿಸುತ್ತದೆ. ಕೆರಳಿದ ಆನೆ ಮರುದಿನ ಬೆಳಗ್ಗೆ ಕೆಲಸಕ್ಕೆ ಹೊರಟ ಕೂಲಿಯಾಳಿನ ಎದುರಿಗೂ ನಿಂತೀತು.

ಹಾಸನದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಭಾಗದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆ ನಡೆದಿತ್ತು. ಮೈಸೂರು ದಸರೆಯಲ್ಲಿ ಅಂಬಾರಿ ಹೊತ್ತ, ಐದು ಟನ್ನಿಗೂ ಹೆಚ್ಚು ತೂಗುತ್ತಿದ್ದ ಅರ್ಜುನ ಅಂದು ಕಾಡಾನೆಯೊಡನೆ ಕಾದಾಡಿ ಪ್ರಾಣ ಬಿಟ್ಟಿತು. ಪಳಗಿದ ಆನೆ, ಮಾವುತರು, ಅರಣ್ಯ ಸಿಬ್ಬಂದಿ ಎಲ್ಲರೂ ಇದ್ದಾಗಲೇ ಹೀಗಾಯಿತು. ಜೇಬಿನ ಪಿಸ್ತೂಲು ಅಲ್ಲಿ ಏನು ಮಾಡೀತು? ಆನೆ ಬಂದಿರುವ ಸುದ್ದಿ ಮೊದಲೇ ತಿಳಿದು ಆ ದಾರಿಗೆ ಹೋಗದಿರುವುದೇ ದೊಡ್ಡ ರಕ್ಷಣೆ. ಕಾಡಾನೆಗಳಿಗೆ ರೇಡಿಯೋ ಕಾಲರ್ ತೊಡಿಸುವುದು, ಮೊಬೈಲಿಗೆ ಸಂದೇಶ ಕಳಿಸುವುದು ಇದಕ್ಕಾಗಿಯೇ.

ಕಾನೂನು ಏನನ್ನುತ್ತದೆ?

ನಮ್ಮ ದೇಶದ ಶಸ್ತ್ರಾಸ್ತ್ರ ಕಾಯಿದೆ 1959ರದ್ದು. ಅದರ 13ನೆಯ ವಿಧಿಯನ್ನು ಓದಿದರೆ ನಿಮಗೆ ಆಶ್ಚರ್ಯವಾದೀತು. ನಮ್ಮ ಲೆಕ್ಕದಂತೆ ಅದೂ ನಳಿಗೆಯ ಉದ್ದವನ್ನೇ ನೋಡುತ್ತದೆ! ರಕ್ಷಣೆಗೆ ಅಥವಾ ಕ್ರೀಡೆಗೆ 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ನಯನಳಿಗೆ ಕೋವಿ, ಬೆಳೆ ರಕ್ಷಣೆಗೆ ಮದ್ದು ತುಂಬುವ ಕೋವಿ ಎಂದು ಅದು ಹೆಸರಿಸುತ್ತದೆ. ಪಿಸ್ತೂಲು, ರಿವಾಲ್ವರ್ ಆ ಸಾಲಿನಲ್ಲಿಲ್ಲ. ಅವು ಬೇಕೆಂದವರು ತಕ್ಕ ಕಾರಣ ತೋರಿಸಬೇಕು. ಸಿನಿಮಾಗಳಲ್ಲಿ ಕಾಣುವ 9 ಮಿ.ಮೀ. ಪಿಸ್ತೂಲಂತೂ 'ನಿಷೇಧಿತ ಬೋರ್'. ಸಾಮಾನ್ಯ ನಾಗರಿಕರಿಗೆ ಸಿಗದು. 2019ರ ತಿದ್ದುಪಡಿಯ ನಂತರ ಒಬ್ಬರ ಬಳಿ ಇರಬಹುದಾದ ಬಂದೂಕುಗಳು ಮೂರರಿಂದ ಎರಡಕ್ಕೆ ಇಳಿದವು. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ಬರಬೇಕಾಗುವುದೂ ಉಂಟು.

ಕ್ರೀಡೆಯಲ್ಲೂ ಬಿಟ್ಟದ್ದುಂಟು

ಪಿಸ್ತೂಲು ಸರಿಯಾದ ಜಾಗದಲ್ಲಿ ಸೊಗಸಾದ ಕ್ರೀಡಾ ಸಾಧನವೇ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದರು. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ಪಿಸ್ತೂಲಿನಲ್ಲಿ ಸ್ಪರ್ಧಿಸಿದರು. ರಿಯೋ ನಂತರ ಆ 50 ಮೀಟರ್ ಸ್ಪರ್ಧೆಯನ್ನೇ ಒಲಿಂಪಿಕ್ಸ್‌ನಿಂದ ಕೈಬಿಟ್ಟರು. ಹೊಸಬರು ಅದರ .22 ಬೋರಿನ ವಿಶೇಷ ಪಿಸ್ತೂಲಿಗೆ ಹಣ ಹಾಕಲು ಹಿಂಜರಿಯುವಂತಾಯಿತು.

10 ಮೀಟರ್ ಏರ್ ಪಿಸ್ತೂಲು ಉಳಿಯಿತು. ಅದರ ಗುಂಡಿನ ತೂಕ ಅರ್ಧ ಗ್ರಾಂ, ಶಕ್ತಿ ಆರು ಜೂಲಿನ ಆಸುಪಾಸು. ಗುರಿಯ ನಡುವಿನ ಹತ್ತು ಅಂಕದ ವೃತ್ತದ ವ್ಯಾಸ 11.5 ಮಿ.ಮೀ. ಮಾತ್ರ. 75 ನಿಮಿಷಗಳಲ್ಲಿ 60 ಸಲ, ಒಂದೇ ಕೈಯಲ್ಲಿ ಹಿಡಿದು ಹೊಡೆಯಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದದ್ದು ಇಂಥ ಪಿಸ್ತೂಲಿನಿಂದಲೇ. ಆಸಕ್ತಿಯಿದ್ದವರು ಮೊದಲು ಕ್ಲಬ್ಬಿಗೆ ಸೇರಿ, ತರಬೇತುದಾರರ ಕಣ್ಣೆದುರು ಕ್ಲಬ್ಬಿನ ಪಿಸ್ತೂಲಿನಲ್ಲೇ ಕಲಿಯಿರಿ. ಕೊಳ್ಳುವ ಮಾತು ಆಮೇಲೆ.

ಮಾವನ ಉತ್ತರ

ಈ ಲೆಕ್ಕಗಳನ್ನೆಲ್ಲ ಬರೆದು ಆ ಹುಡುಗನಿಗೆ ಕಳಿಸಿದೆ. ಅವನ ಉತ್ತರ ಬಂತು: "ಲೆಕ್ಕ ಸರಿಯಾಗಿದೆ ಸಾರ್. ಮಾವನಿಗೆ ಓದಿ ಹೇಳಿದೆ. ಇದೆಲ್ಲ ನನಗೆ ಗೊತ್ತಿರಲಿಲ್ಲ ಅಂದ್ರು. ಆನೆ ವರ್ಷಕ್ಕೆ ನಾಲ್ಕು ಸಲ ಬರುತ್ತೆ, ಪಿಸ್ತೂಲು ವರ್ಷವೆಲ್ಲ ಮನೇಲಿರುತ್ತೆ, ಮನೇಲಿ ಮಕ್ಕಳಿದ್ದಾರೆ, ನನಗೆ ಕೋಪ ಜಾಸ್ತಿ, ಅದಕ್ಕೇ ಬಿಟ್ಟೆ ಅಂದ್ರು."

ಈ ಕಾರಣ ನನ್ನ ಲೆಕ್ಕದಲ್ಲಿ ಇರಲಿಲ್ಲ. ನೀವು ಇದನ್ನೂ ಸೇರಿಸಿಕೊಳ್ಳಿ.

ಮಾಡಿ ನೋಡಿ: 15 ಸೆಂ.ಮೀ. ಉದ್ದದ ಒಂದು ಪಟ್ಟಿ, 75 ಸೆಂ.ಮೀ. ಉದ್ದದ ಇನ್ನೊಂದು ಪಟ್ಟಿ ತೆಗೆದುಕೊಳ್ಳಿ. ಎರಡಕ್ಕೂ ತುದಿಗಳಲ್ಲಿ ಗುಂಡುಸೂಜಿ ಚುಚ್ಚಿ. ಪಟ್ಟಿಯನ್ನು ಮೇಜಿನ ಮೇಲೆ ಅಲುಗದಂತೆ ಇಟ್ಟು, ಎರಡೂ ಸೂಜಿಗಳು ಒಂದೇ ಸಾಲಿಗೆ ಬರುವಂತೆ ನೋಡುತ್ತಾ, 5 ಮೀಟರ್ ದೂರದ ಗೋಡೆಯ ಮೇಲೆ ಆ ಬಿಂದುವನ್ನು ಗೆಳೆಯರಿಂದ ಗುರುತು ಮಾಡಿಸಿ. ಈಗ ಮುಂದಿನ ಸೂಜಿಯನ್ನು 1 ಮಿ.ಮೀ. ಸರಿಸಿ ಮತ್ತೆ ಗುರುತು ಮಾಡಿಸಿ. ಚಿಕ್ಕ ಪಟ್ಟಿಯಲ್ಲಿ ಗುರುತು ಸುಮಾರು 33 ಮಿ.ಮೀ., ದೊಡ್ಡದರಲ್ಲಿ ಸುಮಾರು 7 ಮಿ.ಮೀ. ಸರಿದಿರಬೇಕು. ನಿಮಗೆ ಎಷ್ಟು ಬಂತು?